ಹಗಲಲ್ಲಿ ಮಾಡಿದ ರಾತ್ರಿ

ಸಿನಿಮಾದವರು ರಾತ್ರಿಯನ್ನು ಮಧ್ಯಾಹ್ನದ ಹೊತ್ತಿನಲ್ಲಿ ತಯಾರಿಸುತ್ತಿದ್ದರು.

ಕ್ಯಾಮೆರಾದ ಕಣ್ಣಿಗೆ ನೀಲಿ ಗಾಜು ಸಿಕ್ಕಿಸಿದರೆ ಸಾಕು, ಬಿಸಿಲು ಬೆಳದಿಂಗಳಾಗುತ್ತದಂತೆ. ನಿರ್ದೇಶಕನ ಸಹಾಯಕಿ ರಾಬಿನ್, ಕ್ಯಾಲಿಫೋರ್ನಿಯಾದ ಬಿಳಿ ಹುಡುಗಿ, ಆ ಗಾಜಿನ ಒಂದು ತುಂಡನ್ನು ನನ್ನ ಕೈಗೆ ಕೊಟ್ಟು ನೋಡಲು ಹೇಳಿದಳು. ಕಣ್ಣಿಗೆ ಹಿಡಿದೆ. ಹಲಗೆಯಲ್ಲಿ ಕಟ್ಟಿದ ಹಿಂಬದಿಯಿಲ್ಲದ ಚರ್ಚು, ಗಮ್ ಮರಗಳು, ಮರಗಳ ಕೆಳಗೆ ಗೋಣಿಚೀಲದ ಮುಖವಾಡ ಹಾಕಿಕೊಂಡು ನಿಂತ ಗಂಡಸರು. ಎಲ್ಲವೂ ಕೆರೆಯ ತಳದಲ್ಲಿ ಇಟ್ಟ ಹಾಗೆ ಕಂಡಿತು. ಅವರ ನೆರಳು ಮಾತ್ರ ಪಾದದ ಬಳಿಯೇ ಮುದುಡಿ ಬಿದ್ದಿತ್ತು.

"ರಾತ್ರಿ ಹೊತ್ತು ನೆರಳು ಹೀಗೆ ಬೀಳಲ್ಲ," ಎಂದೆ.

"ಯಾರೂ ಗಮನಿಸಲ್ಲ ಬಿಡಿ," ಎಂದಳು ರಾಬಿನ್.

ಅದು ೧೯೮೭ರ ಬೇಸಿಗೆ. ಮಿಸಿಸಿಪ್ಪಿ ರಾಜ್ಯದ ನಮ್ಮೂರು ಟಾಲೋಬಾಕ್ಕೆ ಸಿನಿಮಾದ ಲಾರಿಗಳು ಬಂದಿದ್ದವು. ಒಬ್ಬ ಕರಿಯ ಡೀಕನ್, ಅಂದರೆ ಚರ್ಚಿನ ಹಿರಿಯ, ಜನರನ್ನು ವೋಟಿಗೆ ಹೆಸರು ಬರೆಸಲು ಕರೆದುಕೊಂಡು ಹೋಗುತ್ತಾನೆ, ಅವನನ್ನು ಕೊಲ್ಲುತ್ತಾರೆ, ಕೊಂದವರನ್ನು ಹುಡುಕುತ್ತಾರೆ. ಕಥೆ ಇಷ್ಟು. ಕಥೆಯಲ್ಲಿ ಊರಿನ ಹೆಸರು ಬೇರೆ, ಡೀಕನ್‌ನ ಹೆಸರು ಬೇರೆ. ಪ್ರಾರ್ಥನೆಗೆ ಕೂತ ಜನರಾಗಿ ನಮ್ಮನ್ನು ತೆಗೆದುಕೊಂಡಿದ್ದರು. ಮುಖವಾಡ ಹಾಕಿದ ಕೊಲೆಗಾರರಾಗಿ ಪೇಟೆಯ ಬಿಳಿ ಗಂಡಸರನ್ನು.

"ಡೀಕನ್ ಹತ್ತು ನಿಮಿಷದಲ್ಲಿ ಸಾಯ್ತಾನಂತೆ ಕಣೇ," ಎಂದಿದ್ದಳು ನನ್ನ ಚಿಕ್ಕಪ್ಪನ ಮಗಳು ಲುವೀನಿಯಾ. "ಆಮೇಲೆ ಎರಡು ಗಂಟೆ ಉತ್ತರದಿಂದ ಬಂದ ಇಬ್ಬರು ಬಿಳಿ ಪೊಲೀಸರು ಒಬ್ರಿಗೊಬ್ರು ಕಿರುಚಾಡ್ತಾರಂತೆ. ನಮ್ಮದೇನು ಕೆಲಸ ಗೊತ್ತಾ? ಅಳೋದು. ನೋಡು, ಕೊನೆಗೂ ನಮಗೆ ಬರೋ ಕೆಲಸಾನೇ ಕೊಟ್ರು."

ನಾನು ಹೋಗಲ್ಲ ಅಂದಿದ್ದೆ. ಕಳಿಸಿದ್ದು ಅಮ್ಮ.

ನನ್ನ ಅಪ್ಪ ಹೋಸಿಯಾ ಸ್ಪೈಟ್ಸ್ ಮೌಂಟ್ ನೀಬೋ ಚರ್ಚಿನ ಡೀಕನ್ ಆಗಿದ್ದ. ೧೯೬೪ರ ಜೂನ್‌ನಲ್ಲಿ ಒಂದು ದಿನ ವೋಟಿಗೆ ಹೆಸರು ಬರೆಸಲು ಕೋರ್ಟಿಗೆ ಜನರನ್ನು ಕರೆದುಕೊಂಡು ಹೋದವನು ಎಲ್ಲರನ್ನೂ ಅವರವರ ಮನೆಗೆ ಬಿಟ್ಟ. ತನ್ನ ಮನೆಗೆ ಬರಲಿಲ್ಲ. ಕಾರು ಸೇತುವೆಯ ಹತ್ತಿರ ಸಿಕ್ಕಿತು, ನಾಲ್ಕೂ ಬಾಗಿಲು ತೆರೆದುಕೊಂಡು. ಸರ್ಕಾರದವರು ಬಂದು ಹೊಳೆಗೆ ಬಲೆ ಹಾಕಿದರು, ಜೌಗಿನಲ್ಲಿ ನಾಯಿ ಬಿಟ್ಟರು. ಏನೂ ಸಿಗಲಿಲ್ಲ. ವರ್ಷ ಕಳೆದ ಮೇಲೆ ಅಮ್ಮ ಚರ್ಚಿನ ಹಿಂದೆ ಒಂದು ಖಾಲಿ ಗೋರಿ ಮಾಡಿಸಿದಳು. ಅದರ ಮೇಲೆ ಅಪ್ಪನ ಕಾಫಿ ಲೋಟ, ಕ್ಷೌರದ ಬಟ್ಟಲು, ಕನ್ನಡಕ ಇಟ್ಟಳು. ಸತ್ತವರನ್ನು ನಾವು ಮುಖ ಮೂಡಣಕ್ಕೆ ಮಾಡಿ ಮಲಗಿಸುತ್ತೇವೆ, ಕಡೇ ದಿನ ಸೂರ್ಯನ ಕಡೆಗೆ ಏಳಲಿ ಎಂದು; ಅವರು ಕೊನೆಗೆ ಮುಟ್ಟಿದ್ದನ್ನು ಗೋರಿಯ ಮೇಲಿಡುತ್ತೇವೆ. ಹುಡುಕಿಕೊಂಡು ಮನೆಗೆ ಬರದಿರಲಿ ಎಂದು. ಪ್ರತಿ ಶರತ್ಕಾಲದಲ್ಲಿ ಒಂದು ಸೀಸೆ ಕಾಡುದ್ರಾಕ್ಷಿಯ ಜೆಲ್ಲಿಯನ್ನೂ ಇಡುತ್ತಿದ್ದಳು. ಅಪ್ಪನಿಗೆ ಅದು ಇಷ್ಟ. ದ್ರಾಕ್ಷಿಯನ್ನು ನಾವು ಹೊಳೆಯ ಹತ್ತಿರ ಸಾರಾಳ ತೊಟ್ಟಿಲು ಎನ್ನುವ ತಗ್ಗಿನಿಂದ ತರುತ್ತಿದ್ದೆವು. ಅಲ್ಲಿಯ ಹಣ್ಣು ಇತ್ತೀಚಿನ ವರ್ಷಗಳಲ್ಲಿ ತುಂಬ ದಪ್ಪ, ತುಂಬ ಸಿಹಿ.

ಈ ಬೇಸಿಗೆಯಲ್ಲಿ ಅಮ್ಮನ ಹೃದಯ ಸೋತಿತ್ತು. ಚಳಿಗಾಲ ನೋಡುವುದು ಕಷ್ಟ ಎಂದಿದ್ದರು ಡಾಕ್ಟರು. ಅವಳಿಗೆ ಸಾವಿನ ಹೆದರಿಕೆ ಇರಲಿಲ್ಲ, ಬೇರೆಯದಿತ್ತು.

"ಆ ಖಾಲಿ ಗುಂಡಿ ಪಕ್ಕ ನನ್ನ ಮಲಗಿಸ್ಬೇಡ ಓಜೀ," ಎನ್ನುತ್ತಿದ್ದಳು. "ಪಕ್ಕದಲ್ಲಿ ಕೈ ಹಾಕಿ ನೋಡಿದ್ರೆ ಯಾರೂ ಇರಲ್ಲ. ಕಡೇ ದಿನದ ತನಕ ಹಾಗೇ ಇರ್ಬೇಕಾ ನಾನು?"

"ಮತ್ತೆಲ್ಲಿ ಅಮ್ಮ?"

"ಅವರಿರೋ ಕಡೆ. ಹೋಗು ಆ ಸಿನಿಮಾಕ್ಕೆ. ಮುಖವಾಡದ ಒಳಗೆ ಯಾರು ನಿಂತ್ಕೋತಾರೆ ನೋಡು. ಹೊಸಬ್ರು ಹೊಸಬ್ರ ಹಾಗೆ ನಿಂತ್ಕೋತಾರೆ. ಅಭ್ಯಾಸ ಇರೋರು ಬೇರೆ ಥರ."

ಅಂಗಳದ ಮರದ ಕೊಂಬೆಗಳ ತುದಿಗೆ ಅಮ್ಮ ಸಿಕ್ಕಿಸಿದ ನೀಲಿ ಸೀಸೆಗಳಿದ್ದವು. ಅಲೆಯುವ ದೆವ್ವಗಳು ಸೀಸೆಯೊಳಗೆ ನುಗ್ಗಿ ಸಿಕ್ಕಿಕೊಳ್ಳುತ್ತವೆ. ಗಾಳಿ ಬಂದಾಗ ಗುಂಯ್ ಎನ್ನುವುದು ಅವೇ. ಕ್ಯಾಮೆರಾದ ನೀಲಿ ಗಾಜಿನ ವಿಷಯ ಹೇಳಿದಾಗ ಅಮ್ಮ ಆ ವಾರದಲ್ಲಿ ಮೊದಲ ಸಲ ನಕ್ಕಳು.

"ಹಂಗಾದ್ರೆ ಅವರ ಯಂತ್ರಕ್ಕೂ ಏನಾದ್ರೂ ಸಿಕ್ಕಿಕೊಳ್ಳುತ್ತೆ ಬಿಡು," ಎಂದಳು.

ಮುಖವಾಡದವರನ್ನು ನಾನು ಎರಡು ದಿನ ನೋಡಿದೆ. ಅವರು ಕೆಟ್ಟದಾಗಿ ನಿಲ್ಲುತ್ತಿದ್ದರು. ತುರಿಸಿಕೊಳ್ಳುತ್ತಿದ್ದರು, ಗೋಣಿಯನ್ನು ಮೂಗಿನ ತನಕ ಎತ್ತಿ ಸಿಗರೇಟು ಸೇದುತ್ತಿದ್ದರು, ನಮ್ಮ ಮಕ್ಕಳಿಗೆ ಬೂ ಎನ್ನುತ್ತಿದ್ದರು. ನಿರ್ದೇಶಕ ಕಿರುಚಿದಾಗ ಒಂದು ಕ್ಷಣ ಸುಮ್ಮನಾಗಿ ಮತ್ತೆ ನಗುತ್ತಿದ್ದರು. ಒಬ್ಬ ಮಾತ್ರ ತುರಿಸಿಕೊಳ್ಳಲಿಲ್ಲ. ಸಾಲಿನ ಕೊನೆಯಲ್ಲಿ ಮರಕ್ಕೆ ಒರಗದೆ, ತೂಕವನ್ನು ಒಂದು ಕಾಲಿನ ಮೇಲೆ ಬಿಟ್ಟು, ಸರತಿಯಲ್ಲಿ ನಿಂತವನ ಹಾಗೆ ಆರಾಮಾಗಿ ನಿಲ್ಲುತ್ತಿದ್ದ. ಊಟದ ಹೊತ್ತಿಗೆ ಗೋಣಿ ತೆಗೆದಾಗ ನೋಡಿದೆ: ಲೆಸ್ಟರ್ ಪ್ರೂಯಿಟ್. ಸೇತುವೆಯ ಹತ್ತಿರ ಮೀನುಗಾರರಿಗೆ ಎರೆಹುಳ, ಗಾಳ ಮಾರುವ ಮುದುಕ.

ನಿಲ್ಲುವ ರೀತಿಯಿಂದ ಏನು ತಿಳಿಯುತ್ತದೆ? ಏನೂ ಇಲ್ಲ. ಅಮ್ಮನಿಗೆ ಹೇಳಲಿಲ್ಲ.

ಮೂರನೆಯ ದಿನ ಚರ್ಚು ಸುಡುವ ದೃಶ್ಯ. ಸುಡುವ ಮೊದಲು ಒಳಗೆ ಜನ ಹಾಡುತ್ತಿರಬೇಕು, ಹೊರಗೆ ಮುಖವಾಡದವರು ಅದನ್ನು ಕೇಳುತ್ತ ನಿಂತಿರಬೇಕು. ನಿರ್ದೇಶಕನಿಗೆ ರೆಕಾರ್ಡಿನ ಹಾಡು ಬೇಡವಾಗಿತ್ತು.

"ನಿಮ್ಮದೇ ಯಾವುದಾದ್ರೂ ಹಳೇದು ಹಾಡಿ," ಎಂದಳು ರಾಬಿನ್.

"ಹಾಡೋಕೆ ಸಾಲು ಕೊಡೋರು ಬೇಕಲ್ಲಮ್ಮ," ಎಂದಳು ಲುವೀನಿಯಾ. "ಇಲ್ಲಿರೋದು ಡೀಕನ್ ಸ್ಪೈಟ್ಸ್ ಮಗಳು. ಅವಳೇ ಕೊಡ್ಲಿ."

ನಮ್ಮಲ್ಲಿ ಪುಸ್ತಕ ಇಲ್ಲ. ಓದು ಬಾರದ ಕಾಲದಿಂದ ಬಂದ ಕ್ರಮ: ಡೀಕನ್ ಒಂದು ಸಾಲನ್ನು ಬೇಗ ಹೇಳುತ್ತಾನೆ, ಅದು ಸಾಲು ಕೊಡುವುದು. ಜನರೆಲ್ಲ ಅದನ್ನು ಎತ್ತಿಕೊಂಡು, ಎಳೆದು, ನರಳಿಸಿ ಹಾಡುತ್ತಾರೆ. ಅದು ಮುಗಿದ ಮೇಲೆಯೇ ಮುಂದಿನ ಸಾಲು. ಕೊಟ್ಟ ಸಾಲನ್ನು ಯಾರೂ ಎತ್ತಿಕೊಳ್ಳದಿದ್ದರೆ ಡೀಕನ್ ಕಾಯುತ್ತಾನೆ. ಮುಂದಕ್ಕೆ ಹೋಗುವುದಿಲ್ಲ, ಮತ್ತೆ ಅದನ್ನೇ ಕೊಡುತ್ತಾನೆ. ಹೆಂಗಸರು ಸಾಲು ಕೊಡುವುದು ಅಪರೂಪ. ಆದರೆ ಇದು ಚರ್ಚಲ್ಲ, ಹಲಗೆ.

ಯಾವ ಹಾಡು ಎಂದು ಯೋಚಿಸಲಿಲ್ಲ. ಬಾಯಿಗೆ ಬಂದದ್ದು ಮುಗಿಯದ ಹಾಡು. ಆ ಜೂನ್‌ನ ಬೆಳಿಗ್ಗೆ ಜಗಲಿಯಲ್ಲಿ ಕ್ಷೌರ ಮಾಡಿಕೊಳ್ಳುತ್ತ ಅಪ್ಪ ಒಂದು ಹೊಸ ಹಾಡು ಕಟ್ಟುತ್ತಿದ್ದ. ಸಾಲು ಕೊಟ್ಟ, ನಾನು ಎತ್ತಿಕೊಂಡೆ. ಎರಡು ಸಾಲು ಆಯಿತು. "ಉಳಿದೆರಡು ಸಂಜೆಗೆ," ಎಂದು ಮುಖ ಒರೆಸಿಕೊಂಡು ಹೊರಟ. ಆ ಎರಡು ಸಾಲನ್ನು ನಾನು ಚರ್ಚಿನಲ್ಲಿ ಹಾಡಿರಲಿಲ್ಲ, ಅಮ್ಮನಿಗೂ ಹಾಡಿರಲಿಲ್ಲ.

ಈಗ ಮೊದಲನೆಯದನ್ನು ಕೊಟ್ಟೆ:

"ದೀಪ ಇನ್ನೂ ಆರಿಲ್ಲ ಕರ್ತನೇ, ಚಿಲಕ ಹಾಕಬೇಡ."

ಜನ ಎತ್ತಿಕೊಂಡರು. ಗೊತ್ತಿಲ್ಲದ ಹಾಡಾದರೂ ಧಾಟಿ ಗೊತ್ತು. ಮುದುಕಿಯರ ಧ್ವನಿ ನೆಲದಿಂದ ಎದ್ದಿತು. ಸಿನಿಮಾದವರು ನಗುವುದನ್ನು ನಿಲ್ಲಿಸಿದರು.

"ದಾರಿ ಉದ್ದ ಇತ್ತು ಕರ್ತನೇ, ತಡವಾಯಿತೆಂದು ಬೈಬೇಡ."

ಅದನ್ನೂ ಎತ್ತಿಕೊಂಡರು. ಅದು ಮುಗಿಯಿತು. ನನ್ನ ಹತ್ತಿರ ಮೂರನೆಯದು ಇರಲಿಲ್ಲ. ಕ್ಯಾಮೆರಾ ತಿರುಗುತ್ತಲೇ ಇತ್ತು. ಮರದ ಹಕ್ಕಿಗಳು ಅದ್ಯಾಕೋ ಸುಮ್ಮನಿದ್ದವು. ಹೊರಗೆ, ಮಧ್ಯಾಹ್ನದ ಆ ರಾತ್ರಿಯಲ್ಲಿ, ಮರಗಳ ಕೆಳಗಿನಿಂದ ಒಂದು ಒಡಕು ಧ್ವನಿ ಮೂರನೆಯ ಸಾಲನ್ನು ಕೊಟ್ಟಿತು:

"ಸಾರಾಳ ತೊಟ್ಟಿಲಲ್ಲಿ ಕರ್... ತನೇ, ನನ್ನನು ಮಲಗಿಸು."

ಸಾಲಿಗಿಂತ ಮೊದಲು ನಾನು ಗುರುತಿಸಿದ್ದು ನಡುವಿನ ಆ ತಡೆಯನ್ನು. ಅಪ್ಪ ಎಳೆ ವಯಸ್ಸಿನಿಂದ ಹತ್ತಿ ಗಿರಣಿಯಲ್ಲಿ ದುಡಿದವನು, ಎದೆಯಲ್ಲಿ ಹತ್ತಿಯ ದೂಳು. 'ಕರ್ತನೇ' ಎನ್ನುವಾಗ ನಡುವೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಗೋಣಿಚೀಲದೊಳಗಿನ ಧ್ವನಿ ಅಲ್ಲಿಯೇ, ಅಷ್ಟೇ ಹೊತ್ತು, ಸಿಕ್ಕಿಕೊಂಡಿತು.

ನಮ್ಮ ಜನ ಎತ್ತಿಕೊಳ್ಳಲಿಲ್ಲ. ಹೊರಗಿನಿಂದ, ಬಿಳಿಯನ ಬಾಯಿಂದ ಬಂದ ಸಾಲು. ಲುವೀನಿಯಾ ನನ್ನ ಮುಖ ನೋಡಿದಳು. ಹೊರಗಿನವನು ಕಾಯುತ್ತಿದ್ದ. ನಾನು ಕಿಟಕಿಯ ಚೌಕಟ್ಟಿನಿಂದ ನೋಡಿದೆ: ಸಾಲಿನ ಕೊನೆಯಲ್ಲಿ, ತೂಕವನ್ನು ಒಂದು ಕಾಲಿನ ಮೇಲೆ ಬಿಟ್ಟು, ತಲೆಯನ್ನು ಸ್ವಲ್ಪ ಓರೆ ಮಾಡಿ. ಗೋಣಿ ಬಾಯಿಯ ಹತ್ತಿರ ಒಳಕ್ಕೆ ಹೊರಕ್ಕೆ ಆಗುತ್ತಿತ್ತು. ಅವನು ಅದೇ ಸಾಲನ್ನು ಮತ್ತೆ ಕೊಟ್ಟ.

ಆಗ ನನಗೆ ಎರಡು ಸಂಗತಿ ಹೊಳೆಯಿತು. ಈ ಹಾಡನ್ನು ಇವನು ಒಂದೇ ಒಂದು ಬಾಯಿಂದ ಕೇಳಿರಲು ಸಾಧ್ಯ. ಮತ್ತು ನಾವು ಎತ್ತಿಕೊಳ್ಳದಿದ್ದರೆ ನಾಲ್ಕನೆಯ ಸಾಲು ಬರುವುದಿಲ್ಲ.

ಅಪ್ಪನನ್ನು ಕೊಂದವನು ಕೊಟ್ಟ ಸಾಲನ್ನು ನಾನು ಬಾಯಿಗೆ ತೆಗೆದುಕೊಳ್ಳಬೇಕಾಗಿತ್ತು. ಎತ್ತಿಕೊಂಡೆ. ಮೊದಲ ಎರಡು ಪದ ಒಬ್ಬಳೇ ಹಾಡಿದೆ, ಆಮೇಲೆ ಲುವೀನಿಯಾ ಸೇರಿದಳು, ಆಮೇಲೆ ಎಲ್ಲರೂ. ನಾವು ಅದನ್ನು ಎಳೆದೆವು, ನರಳಿಸಿದೆವು, ಕೆಳಗಿಟ್ಟೆವು. ಮರಗಳ ಕೆಳಗೆ ಮುದುಕ ಒಂದು ದೊಡ್ಡ ಉಸಿರು ಬಿಟ್ಟ. ಬಹಳ ಕಾಲದಿಂದ ಹೊತ್ತದ್ದನ್ನು ಯಾರೋ ಇಳಿಸಿಕೊಂಡ ಹಾಗೆ. ಮತ್ತೆ ಕೊಟ್ಟ:

"ಮುಖವನು ಮೂಡಣಕೆ ಕರ್... ತನೇ, ಮೆಲ್ಲಗೆ ತಿರುಗಿಸು."

ಅದನ್ನು ನಾನು ಎತ್ತಿಕೊಳ್ಳಲಿಲ್ಲ. ಯಾರೂ ಎತ್ತಿಕೊಳ್ಳದ ಹಾಗೆ ಕೈ ಅಡ್ಡ ಹಿಡಿದೆ. ಅದು ನಮ್ಮದು, ಅವನ ಮುಂದೆ ಹಾಡುವುದಲ್ಲ.

"ಕಟ್!" ಎಂದು ಕೂಗಿದ ನಿರ್ದೇಶಕ ಓಡಿ ಬಂದ. "ಅದ್ಭುತ! ಯಾರದು? ಅದನ್ನು ಯಾರು ಹೇಳಿಕೊಟ್ಟದ್ದು?"

ರಾಬಿನ್ ಮಾತ್ರ ಕಾಗದ ನೋಡುತ್ತ, "ಸರ್, ನಿಮಗೆ ಮಾತಿಲ್ಲ ಇಲ್ಲಿ," ಎಂದು ಪ್ರೂಯಿಟ್‌ಗೆ ಹೇಳುತ್ತಿದ್ದಳು. ಅವನು ಗೋಣಿ ತೆಗೆದು, ಈಗ ತಾನೆ ನಿದ್ದೆಯಿಂದ ಎದ್ದವನ ಹಾಗೆ ಸುತ್ತ ನೋಡಿದ.

ಊಟದ ಡೇರೆಯಲ್ಲಿ ಅವನ ಎದುರು ಹೋಗಿ ಕೂತೆ. ಕರಿದ ಮೀನು, ಮೆಕ್ಕೆಜೋಳದ ಬ್ರೆಡ್ಡು. ಸಿನಿಮಾದವರ ಮೇಜಿನಲ್ಲಿ ಬಿಳಿಯರು ಕರಿಯರು ಒಟ್ಟಿಗೆ ತಿನ್ನಬೇಕಾಗಿತ್ತು. ಊರಿನವರು ಹೇಗೋ ಬೇರೆ ಬೇರೆ ತುದಿ ಹಿಡಿಯುತ್ತಿದ್ದರು.

"ನೀನು ಹೋಸಿಯಾ ಮಗಳಲ್ವಾ?" ಎಂದ ಮುಳ್ಳು ಬಿಡಿಸುತ್ತ. "ಚೆನ್ನಾಗಿ ಹಾಡ್ತೀಯ ಹುಡುಗಿ."

ನನಗೆ ತಲೆಯಲ್ಲಿ ನರೆ ಬಂದಿತ್ತು. "ನೀವೂ ಹಾಡಿದ್ರಿ, ಮಿಸ್ಟರ್ ಪ್ರೂಯಿಟ್. ನಮ್ಮ ಹಾಡು ನಿಮಗೆ ಹೇಗೆ ಗೊತ್ತು?"

"ಅದೇನು ಮಹಾ! ನಿಮ್ಮ ಜನ ಎಲ್ರೂ ಹಾಡೋದೇ ಅಲ್ವಾ? ಬೈಬಲ್ ಹಾಡು. ಸಾರಾ ಅಂದ್ರೆ ಅಬ್ರಹಾಮನ ಹೆಂಡ್ತಿ. ಮುದುಕಿಗೆ ಮಗು ಆಯ್ತಲ್ಲ, ಅದರ ತೊಟ್ಟಿಲು." ಅವನು ನಕ್ಕ. "ನಾನೂ ಚರ್ಚಿಗೆ ಹೋಗೋನೇ ಕಣೇ."

"ಹೌದು ಸರ್," ಎಂದೆ. "ಬೈಬಲ್ ಹಾಡೇ. ಎಲ್ಲಿ ಕೇಳಿದ್ರಿ?"

"ಎಲ್ಲೋ. ಹಳೇ ಮಾತು. ತಲೇಲಿ ಕೂತುಬಿಟ್ಟಿದೆ. ಬೆಳಿಗ್ಗೆ ಹಲ್ಲುಜ್ಜುವಾಗ ಬರುತ್ತೆ, ಮೀನು ಹಿಡಿಯುವಾಗ ಬರುತ್ತೆ. ನನ್ನವಳು ಸಾಯೋ ತನಕ ಬೈತಿದ್ಲು, ನಿದ್ದೆಯಲ್ಲಿ ಹಾಡ್ತೀಯ ಅಂತ." ಫೋರ್ಕನ್ನು ಕೆಳಗಿಟ್ಟ. "ಹಾಡು ತೊಂದ್ರೆ ಅಲ್ಲ. ಅವನು ಸಾಲು ಸಾಲಿಗೂ ನಿಲ್ಸಿಬಿಡ್ತಾನೆ. ನಿಲ್ಸಿ ನಮ್ಮ ಮುಖ ನೋಡ್ತಾನೆ. ಕಾಯ್ತಾನೆ. ಏನಕ್ಕೆ ಕಾಯ್ತಾನೆ ಅಂತ ನಮಗೇನು ಗೊತ್ತು? ಯಾರೂ ಏನೂ ಹೇಳ್ಲಿಲ್ಲ. ಮತ್ತೆ ಅದನ್ನೇ—"

"ಯಾರು ಕಾಯ್ತಾನೆ?"

ಅವನ ಕಣ್ಣು ನನ್ನ ಮೇಲೆ ನಿಂತಿತು. ಮುದಿ ಕಣ್ಣಿನ ಹಿಂದೆ ಏನೋ ಬಾಗಿಲು ಮುಚ್ಚಿದ್ದು ಕಂಡಿತು. ಬಾಯಿ ಒರೆಸಿಕೊಂಡ.

"ಬಿಸಿಲು ಜಾಸ್ತಿ," ಎಂದ.

"ಹೌದು, ಲೆಸ್ಟರ್," ಎಂದೆ. ಬಿಳಿಯ ಗಂಡಸನ್ನು ಬರಿ ಹೆಸರು ಹಿಡಿದು ಕರೆದದ್ದು ಜೀವನದಲ್ಲಿ ಅದೇ ಮೊದಲು. "ರಾತ್ರಿ ಅಲ್ವಾ. ನೀನು ನೆರಳಲ್ಲಿ ಕೂತ್ಕೋ."

ಸಾರಾಳ ತೊಟ್ಟಿಲು ಯಾವ ನಕ್ಷೆಯಲ್ಲೂ ಇಲ್ಲ. ಬಿಳಿಯರಿಗೆ ಅದು ಹಳೆಯ ಇಟ್ಟಿಗೆ ಗೂಡಿನ ಹಿಂದಿನ, ಹೊಳೆ ತಿರುಗುವ ಜಾಗದ ಹೆಸರಿಲ್ಲದ ತಗ್ಗು. ಗುಲಾಮಗಿರಿಯ ಕಾಲದಲ್ಲಿ ತಪ್ಪಿಸಿಕೊಂಡ ಸಾರಾ ಎಂಬವಳು ಅಲ್ಲಿ ಹೆತ್ತಳು. ನಾಯಿಗಳು ಮೇಲಿನಿಂದ ಹಾದುಹೋದರೂ ಮಗು ಅಳಲಿಲ್ಲ. ಅಂದಿನಿಂದ ನಮ್ಮ ಬಾಯಲ್ಲಿ ಅದು ತೊಟ್ಟಿಲು. ಅಪ್ಪನನ್ನು ಅಲ್ಲಿಗೆ ನಡೆಸಿಕೊಂಡು ಹೋಗಿದ್ದಾರೆ. ಹಾಡು ಎಂದಿದ್ದಾರೆ, ತಮಾಷೆಗೆ. ಅವನು ಎಲ್ಲಿದ್ದೇನೆ ಎಂಬುದನ್ನು ಹಾಡಿನೊಳಗೆ ಇಟ್ಟಿದ್ದಾನೆ, ಸುತ್ತ ನಿಂತವರಿಗೆ ಅದು ಬೈಬಲ್ಲಾಗಿ ಕೇಳಿಸಲಿ ಎಂದು. ಎತ್ತಿಕೊಳ್ಳಲು ನಾವ್ಯಾರೂ ಅಲ್ಲಿರಲಿಲ್ಲ. ಇದ್ದವನು ಲೆಸ್ಟರ್ ಪ್ರೂಯಿಟ್. ಇಪ್ಪತ್ತಮೂರು ವರ್ಷ ಅವನು ಅಪ್ಪನ ಮಾತನ್ನು, ಏನೆಂದು ತಿಳಿಯದೆ, ಬಾಯಲ್ಲಿ ಇಟ್ಟುಕೊಂಡು ತಿರುಗಿದ್ದ.

ನಾವೋ, ಅಷ್ಟೂ ವರ್ಷ ಅಲ್ಲಿಯ ದ್ರಾಕ್ಷಿ ಕಿತ್ತು, ಕುದಿಸಿ, ಬ್ರೆಡ್ಡಿಗೆ ಸವರಿಕೊಂಡು ತಿಂದೆವು.

ಹೇಳಿದ್ದು ಅಮ್ಮನಿಗೆ, ಪಾದ್ರಿಗೆ; ಪೊಲೀಸ್ ಮುಖ್ಯಸ್ಥ ಶೆರಿಫ್‌ಗೆ ಹೇಳಲಿಲ್ಲ. ೧೯೬೪ರಲ್ಲಿ ಶೆರಿಫ್ ಆಗಿದ್ದದ್ದು ಅವನ ಅಪ್ಪನೇ. ಭಾನುವಾರ ಪ್ರಾರ್ಥನೆ ಮುಗಿದ ಕೂಡಲೇ ಪಾದ್ರಿ ಮತ್ತು ಕೆಲವು ಗಂಡಸರು ಸಲಿಕೆ ಹಿಡಿದು ಬಂದರು, ಹಿಂದೆ ಲುವೀನಿಯಾ ಮತ್ತು ಸಿನಿಮಾದಲ್ಲಿ ಹಾಡಿದ ಹೆಂಗಸರು. ಅಮ್ಮ ಹಾಸಿಗೆಯಿಂದ ಎದ್ದು ಬಿಳಿ ಟೋಪಿ ಹಾಕಿಕೊಂಡು ಕಾರಿನ ಹಿಂದಿನ ಸೀಟಿನಲ್ಲಿ ಕೂತಳು. ಇಟ್ಟಿಗೆ ಗೂಡಿನ ತನಕ ಕಾರು ಹೋಗುತ್ತದೆ. ಬಾಗಿಲು ತೆರೆದಿಟ್ಟರೆ ತಗ್ಗು ಕಾಣುತ್ತದೆ.

ದ್ರಾಕ್ಷಿ ಬಳ್ಳಿಯ ಬುಡ ತೊಡೆಯಷ್ಟು ದಪ್ಪವಿತ್ತು. ಅದರ ಬೇರುಗಳೆಲ್ಲ ಒಂದೇ ಕಡೆಗೆ ಇಳಿದಿದ್ದವು. ಸಲಿಕೆಗೆ ಮೊದಲು ಸಿಕ್ಕಿದ್ದು ಪ್ಯಾಂಟಿನ ಹೆಗಲಪಟ್ಟಿಯ ಹಿತ್ತಾಳೆ ಕೊಂಡಿ. ಆಮೇಲೆ ಬೂಟು. ಆಮೇಲೆ ಎಲ್ಲರೂ ಟೋಪಿ ತೆಗೆದರು.

ನಾನು ಕಾರಿನ ಹತ್ತಿರ ಹೋದೆ. ಅಮ್ಮ ಅಳಲಿಲ್ಲ.

"ಯಾವ ಕಡೆಗೆ ಮುಖ ಮಾಡಿದಾರೆ?"

"ಕೆಳಗೆ, ಅಮ್ಮ. ಮುಖ ಕೆಳಗೆ ಮಾಡಿ ಹಾಕಿದಾರೆ."

ಅವಳು ತನ್ನ ಕೈಗವಸು ಬಿಗಿ ಮಾಡಿಕೊಂಡಳು. "ತಿರುಗಿಸಿ."

ಪಾದ್ರಿ ಅಮ್ಮನ ಕಡೆಗೆ ಬಗ್ಗಿ ಹೇಳಿದರು: "ಸಿಸ್ಟರ್ ಅರ್ಜುಲಾ, ಜಾಕ್ಸನ್‌ನಿಂದ ರಾಜ್ಯದ ಪೊಲೀಸರು ಬರೋ ತನಕ ಮುಟ್ಟಬಾರ್ದು. ಈಗ ಮುಟ್ಟಿದ್ರೆ ಆ ಮನುಷ್ಯ ತಪ್ಪಿಸ್ಕೋತಾನೆ. ಸಿನಿಮಾದವರ ಹತ್ರ ಅವನ ಧ್ವನಿ ಇದೆ, ಇಲ್ಲಿ ಇವರಿದಾರೆ. ಎರಡೂ ಹೀಗೇ ಇರ್ಬೇಕು."

ಅಮ್ಮ ಯೋಚಿಸಿದಳು. ಅವಳ ಹತ್ತಿರ ಯೋಚಿಸಲು ಹೆಚ್ಚು ದಿನಗಳಿರಲಿಲ್ಲ.

"ಕಾಯೋದು ಅವರಿಗೆ ಹೊಸದಲ್ಲ," ಎಂದಳು ಕೊನೆಗೆ. "ಆದ್ರೆ ಕೇಳಿಸ್ತು ಅಂತ ಹೇಳ್ರೋ. ಇಷ್ಟು ವರ್ಷ ಒಬ್ರೇ ಹಾಡಿದಾರೆ. ಯಾರಾದ್ರೂ ಎತ್ತಿಕೊಳ್ರೋ."

ಅಪ್ಪ ಅಕ್ಟೋಬರ್‌ನಲ್ಲಿ ಮನೆಗೆ ಬಂದ. ಚರ್ಚಿನ ಹಿಂದಿನ ಗುಂಡಿಗೆ, ಮುಖ ಮೂಡಣಕ್ಕೆ ಮಾಡಿ. ನವೆಂಬರ್‌ನಲ್ಲಿ ಅಮ್ಮ ಅವನ ಪಕ್ಕ ಮಲಗಿದಳು. ಪ್ರೂಯಿಟ್ ಜೈಲಿನಲ್ಲಿ ವಿಚಾರಣೆಗೆ ಕಾಯುತ್ತಿದ್ದಾನೆ. ಜೊತೆಗಿದ್ದವರ ಹೆಸರು ಇನ್ನೂ ಹೇಳಿಲ್ಲ, ಹಾಡುವುದನ್ನು ಮಾತ್ರ ನಿಲ್ಲಿಸಿದ್ದಾನಂತೆ. ಆದರೆ ಇದೆಲ್ಲ ಆಮೇಲಿನ ಮಾತು.

ಆ ಭಾನುವಾರ ತಗ್ಗಿನ ಅಂಚಿನಲ್ಲಿ ನಿಂತು ನಾನು ಮೊದಲ ಸಾಲು ಕೊಟ್ಟೆ, ಎತ್ತಿಕೊಂಡರು. ಎರಡನೆಯದು ಕೊಟ್ಟೆ. ಮೂರನೆಯದೂ ಕೊಟ್ಟೆ. ಅದು ತಗ್ಗಿಗೆ ಇಳಿದು ಹೊಳೆಯ ಆಚೆಗೆ ಹೋಗಿ ತಿರುಗಿ ಬಂತು. ನಾಲ್ಕನೆಯದಕ್ಕೆ ನನ್ನಿಂದ ಉಸಿರು ಹೊರಡಲಿಲ್ಲ. ಆದರೂ ಎಲ್ಲರೂ ಒಟ್ಟಿಗೆ, ಒಂದೇ ಗಳಿಗೆಯಲ್ಲಿ, ಅದನ್ನು ಎತ್ತಿಕೊಂಡರು.

ವಾಪಸು ಬರುವಾಗ ಲುವೀನಿಯಾ ನನ್ನ ತೋಳು ಹಿಡಿದಳು. "ಕಡೇ ಸಾಲು ಚೆನ್ನಾಗಿ ಕೊಟ್ಟೆ ಕಣೇ."

"ನಾನು ಕೊಡ್ಲಿಲ್ಲ. ಪಾದ್ರಿ ಕೊಟ್ರು ಅಂದ್ಕೊಂಡೆ."

ಪಾದ್ರಿ ತಾನಲ್ಲ ಎಂದು ತಲೆಯಾಡಿಸಿದರು. ಸಿನಿಮಾದ ಕಡೆ ಬರದಿದ್ದ ಅವರು ಆ ಸಾಲನ್ನು ಕೇಳಿದವರೇ ಅಲ್ಲ.

ಕಾರಿನಲ್ಲಿ ಅಮ್ಮ ಕಣ್ಣು ಮುಚ್ಚಿ ಸೀಟಿಗೆ ಒರಗಿದ್ದಳು. ಒಂದು ಕೈಯನ್ನು ಪಕ್ಕದ ಖಾಲಿ ಸೀಟಿನ ಮೇಲೆ ಇಟ್ಟಿದ್ದಳು.

"ಅವರ ಉಸಿರು," ಎಂದಳು ನನಗೆ, "ಈಗ ಎಲ್ಲೂ ಸಿಕ್ಕಿಕೊಳ್ಳಲಿಲ್ಲ ನೋಡು."